ಕುಯ್ಯುವವನ ಪಾಲು

"ತಿಂದಿದ್ದೀಯ ನೀನು! ಬಾಯ್ಬುಟ್ಟು ಹೇಳು, ತಿಂದೆ ಅಂತ!"

"ಇಲ್ಲ ಅಂದ್ನಲ್ಲಮ್ಮಿ. ಎಷ್ಟು ಸತಿ ಹೇಳ್ಬೇಕು ನಿಂಗೆ?"

"ಪೆಟ್ಗೆ ಸುಳ್ಳೇಳ್ತದಾ? ಅದಕ್ಕೇನ್ ನಿನ್ ಮ್ಯಾಲೆ ಹಗೆನಾ?"

"ಓಹೋ. ಹಂಗಾದ್ರೆ ಸುಳ್ಳ ನಾನು. ಅನ್ನು, ಬಾಯ್ತುಂಬ ಅನ್ನು."

"ಅಂತೀನಿ! ಯಾರಪ್ಪನ್ ಭಯ ನಂಗೆ? ಸುಳ್ಳ ನೀನು. ನಾಲ್ಗೆ ಕಟ್ಟಕ್ಕಾಗ್ದಿರೋ ಸುಳ್ಳ!"

ಪ್ರಮೀಳಳ ದನಿ ಹಿತ್ತಲ ಬೇಲಿ ದಾಟಿ ಬೀದಿಗೆ ಹೋಯಿತು. ಕೈಯಲ್ಲಿದ್ದ ಫೋನನ್ನು ಅಣ್ಣನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಅದರಲ್ಲಿ ಕೆಂಪು ಗೆರೆಯೊಂದು ಬೆರಳುದ್ದ ಎದ್ದು ನಿಂತಿತ್ತು. ನಿಂಗರಾಜ ಅದನ್ನು ನೋಡಲಿಲ್ಲ. ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ ಕೈ ನಿಲ್ಲಿಸಿ ತಂಗಿಯ ಮುಖವನ್ನೇ ನೋಡುತ್ತಿದ್ದ. ಸೊಂಟದಲ್ಲಿ ಸಡಿಲಾದ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಕೊರೆದುಕೊಂಡಿದ್ದ. ಆ ತೂತು ಕಂಡ ದಿನದಿಂದಲೇ ಪ್ರಮೀಳಳಿಗೆ ದಿಗಿಲು ಹತ್ತಿದ್ದು. ದಿಗಿಲಾದರೆ ಅವಳಿಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. ಹುಟ್ಟುಗುಣ.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಅವನಿಗೆ ಮದುವೆ ಆಗಲಿಲ್ಲ, ಅವಳ ಮದುವೆ ಉಳಿಯಲಿಲ್ಲ. ಒಬ್ಬರನ್ನೊಬ್ಬರು ಬೈದುಕೊಂಡು, ಒಂದೇ ಒಲೆಯ ಮುದ್ದೆ ಉಂಡುಕೊಂಡು ಬದುಕಿದ್ದರು.

ಪೆಟ್ಟಿಗೆ ಎಂದರೆ ಕಕ್ಕಸಿನ ಪೆಟ್ಟಿಗೆ. ಈಗ ಅದಿಲ್ಲದ ಮನೆಯಿಲ್ಲ. ಸರ್ಕಾರವೇ ತಂದು ಕೂರಿಸಿಕೊಟ್ಟದ್ದು. ತೆಂಗಿನಕಾಯಿ ಗಾತ್ರದ್ದು, ಕಕ್ಕಸಿನ ಗುಂಡಿಗೆ ನೀರು ಇಳಿಯುವ ದಾರಿಯಲ್ಲಿ ಕೂತಿರುತ್ತದೆ. ಒಳಗೊಂದು ಸಣ್ಣ ಬಿಲ್ಲೆ. ರಕ್ತದಲ್ಲಿರುವ ಕಬ್ಬಿಣದ ಅಂಶ ತಾಗಿದರೆ ಅದು ಗುರುತು ಹಿಡಿಯುತ್ತದೆ. ಕಾಲಿಡುವ ಎರಡು ಕಲ್ಲುಗಳು ಕೂತವರ ಅಂಗಾಲಿನ ಅಚ್ಚು ನೋಡಿ ಯಾರೆಂದು ಹೇಳುತ್ತವೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟೊಂದು ಹುಟ್ಟಿ, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಕೆಟ್ಟು ಕ್ಯಾನ್ಸರ್ ಆಗುತ್ತದಲ್ಲ, ಆ ಗಂಟು ಕೆಡುವ ಮೊದಲು ನೋವು ಕೊಡುವುದಿಲ್ಲ, ಜ್ವರ ತರಿಸುವುದಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ, ಅಷ್ಟೇ. ಆಗಲೇ ಕ್ಯಾಮೆರಾ ಬಿಟ್ಟು ನೋಡಿ ಚಿವುಟಿ ಹಾಕಿದರೆ ಮನುಷ್ಯ ನೂರು ವರ್ಷ ಬದುಕಬಹುದು. ಆ ಒಸರನ್ನು ಹಿಡಿಯುವುದು ಪೆಟ್ಟಿಗೆಯ ಕೆಲಸ.

ಆದರೆ ಅದಕ್ಕೊಂದು ಕುರುಡು ಉಂಟು. ಮನುಷ್ಯನ ರಕ್ತವನ್ನು ಮಾತ್ರ ಗುರುತಿಸುವ ಬಿಲ್ಲೆಗಳನ್ನು ಮೊದಲು ಹಾಕಿ ನೋಡಿದರು. ನಮ್ಮ ಬೇಸಗೆಗೆ ಅವು ತಿಂಗಳೊಪ್ಪತ್ತಿನಲ್ಲಿ ಕೆಟ್ಟುಹೋದವು. ಈಗಿನದು ಹತ್ತು ವರ್ಷ ಬಾಳುತ್ತದೆ, ಆದರೆ ಕುರಿಯ ರಕ್ತವೋ ಕುರಿ ತಿಂದವನ ರಕ್ತವೋ ಅದಕ್ಕೆ ತಿಳಿಯದು.

ನಿಂಗರಾಜ ಊರಿಗೆ ಕುರಿ ಕುಯ್ಯುವವನು. ಭಾನುವಾರ ಬಂದರೆ ಹತ್ತಿಪ್ಪತ್ತು ಮನೆಯವರು ಸೇರಿ ಮರಿ ಹಿಡಿದು ಕುಯ್ಯಿಸಿ, ಮಾಂಸವನ್ನು ಮುತ್ತುಗದ ಎಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆಬಾಡು ಎಂದರೆ ಇದೇ. ಕುಯ್ದವನಿಗೆ ರಕ್ತ, ಹುರಿದು ತಿನ್ನಲು. ಅದು ಕೂಲಿಯಲ್ಲ, ಪಾಲು. ಪಾಲು ಬೇಡವೆಂದವನು ಕತ್ತಿ ಕೆಳಗಿಟ್ಟ ಹಾಗೆ. ಮುಂದಿನ ವಾರ ಆ ಕತ್ತಿ ಬೇರೆಯವನ ಕೈಗೆ ಹೋಗುತ್ತದೆ. ಕತ್ತಿ ಹಿಡಿದವನಿಗೆ ರೋಗವಿರಬಾರದೆಂಬುದೂ ಊರಿನ ಕಟ್ಟು. ಅವರಪ್ಪ ಹಿಡಿದ ಕತ್ತಿ ಅದು. ಹೊಲವಿಲ್ಲದ ನಿಂಗರಾಜನನ್ನು ಊರವರು 'ಬಾರಣ್ಣ' ಎಂದು ಕರೆಯುತ್ತಿದ್ದದ್ದು ಆ ಕತ್ತಿಗಾಗಿ.

ಅದಕ್ಕೇ ಅವನು ಒಂದು ಕರಾರಿನ ಮೇಲೆ ತಂಗಿಯ ಮಾತಿಗೆ ಒಪ್ಪಿದ್ದ. ಮೂರು ವಾರ ಬಾಡು ಮುಟ್ಟುವುದಿಲ್ಲ. ಆದರೆ ಪಾಲು ಮಾತ್ರ ಎಲ್ಲರೆದುರು ಈಸಿಕೊಂಡೇ ಬರುತ್ತಾನೆ. ತಂದು ಅವಳ ಕೈಗೆ ಕೊಡುತ್ತಾನೆ, ಅವಳು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತಾಳೆ. ಕುರಿಯ ರಕ್ತ ಹೊಟ್ಟೆಯಿಂದ ತೊಳೆದುಹೋದ ಮೇಲೂ ಪೆಟ್ಟಿಗೆ ಕೆಂಪು ತೋರಿಸಿದರೆ ಆಸ್ಪತ್ರೆ. ಇಲ್ಲದಿದ್ದರೆ ಅವಳು ಬಾಯಿ ಮುಚ್ಚಿಕೊಂಡಿರಬೇಕು.

ಮೂರನೆಯ ವಾರ ಕಳೆದ ಈ ಬೆಳಿಗ್ಗೆ ಕೆಂಪು ಬಂದಿತ್ತು. ಕೆಂಪು ಬಂದರೆ ಆಸ್ಪತ್ರೆ ಎಂದು ತಾನೇ ಹೇಳಿದ್ದವಳು, ಅದನ್ನು ಕಂಡೊಡನೆ ಆಸ್ಪತ್ರೆಯ ಮಾತೆತ್ತಲಿಲ್ಲ. ತಿಂದಿದ್ದಾನೆ ಎಂದಳು. ತಿಂದಿದ್ದರೆ ಚೆನ್ನ ಎಂದು ಅವಳ ಜೀವ ಒಳಗೆ ಹಂಬಲಿಸುತ್ತಿತ್ತೇನೋ.

"ಪಾಲು ತಂದು ನಿನ್ ಕೈಗೇ ಕೊಟ್ನಲ್ಲ," ಎಂದ ನಿಂಗರಾಜ.

"ನನ್ ಕೈಗೆ ಕೊಟ್ಟೆ. ಅಲ್ಲಿ ಹುಡುಗ್ರು ಕುರಿ ಈಲಿ ಸುಟ್ಟು ಹಂಚ್ಕತಾರಲ್ಲ, ಅದೆಷ್ಟು ಬಾಯ್ಗಾಕ್ಕಂಡ್ಯೋ ಯಾರ್ ಕಂಡೋರು?"

"ಅವ್ವನಾಣೆ ತಿಂದಿಲ್ಲ ಕಣಮ್ಮಿ."

"ಸತ್ತೋಳ ಮೇಲೆ ಆಣೆ ಇಡೋದು ಸಲೀಸು ಬುಡು. ಎದ್ದು ಬಂದು ಕೇಳ್ತಾಳಾ?"

ಆಡಿದ್ದು ಅತಿಯಾಯಿತೆಂದು ಅವಳಿಗೇ ಅನ್ನಿಸಿತು. ನಿಂಗರಾಜ ಎದ್ದ. ಕತ್ತಿಗಳನ್ನು ಒರೆಸಿ, ಗೋಣಿ ತುಂಡಿನಲ್ಲಿ ಸುತ್ತಿ, ಕಂಕುಳಿಗೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದಲೇ ಹೊರಟ. ಹೊಟ್ಟೆ ಹಸಿದರೆ ತಾನೇ ಬರುತ್ತಾನೆ ಎಂದುಕೊಂಡು ಅವಳು ಕೆಲಸಕ್ಕೆ ಬಸ್ಸು ಹಿಡಿದಳು.

ಪ್ರಮೀಳ ಮಾಡುತ್ತಿದ್ದದ್ದೂ ಪೆಟ್ಟಿಗೆಗಳ ಕೆಲಸವೇ. ಜಿಲ್ಲೆಯ ಎಲ್ಲ ಪೆಟ್ಟಿಗೆಗಳ ಸುದ್ದಿ ಬಂದು ಸೇರುವ ಕೇಂದ್ರ ಅದು. ಗೋಡೆ ತುಂಬ ಪರದೆ, ಪರದೆ ತುಂಬ ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಜೀವ. ಚುಕ್ಕೆ ಕೆಂಪಾದರೆ ಆ ಮನೆಗೆ ಫೋನು ಮಾಡಿ, ಆಸ್ಪತ್ರೆಗೆ ಹೋಗಿ ಕ್ಯಾಮೆರಾ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಒಪ್ಪಿಸುವುದು ಅವಳ ಪಾಲಿನ ಕೆಲಸ. ಓದಿದ್ದು ಊರ ಶಾಲೆಯಲ್ಲಿ. ಆದರೂ ಡಿಗ್ರಿ ಮಾಡಿದ ಹುಡುಗಿಯರು ನಯವಾಗಿ ಮಾತಾಡಿ ಸೋತ ಕಡೆ ಇವಳು ಬೈದು ಗೆಲ್ಲುತ್ತಿದ್ದಳು.

"ಕ್ಯಾಮ್ರಾ ಹಿಂದ್ಗಡೆಯಿಂದ ಬುಡ್ತಾರಂತಲ್ಲಮ್ಮ," ಎಂದಿತು ಆ ದಿನದ ಮೊದಲ ಫೋನಿನ ಗಂಡುದನಿ.

"ಇನ್ನೇನು, ಮುಂದ್ಗಡೆಯಿಂದ ಬುಟ್ರೆ ನಿನ್ ಹಲ್ಲು ಕಾಣ್ತವೆ ಅಷ್ಟೇಯ."

"ಥೂ, ನಾಚ್ಕೆ ಆಯ್ತದೆ."

"ನಾಚ್ಕೊಂಡು ಸತ್ತೋದ್ರೆ ನಾಕು ಜನ ಹೊತ್ಕೊಂಡು ಹೋಗ್ವಾಗ ನಾಚ್ಕೆ ಆಗಕ್ಕಿಲ್ವಾ? ನಾಳೆ ಹೋಗ್ತೀಯೋ, ಇಲ್ಲಾ ನಿನ್ ಹೆಂಡ್ರಿಗೆ ಫೋನ್ ಕೊಡ್ತೀಯೋ?"

"ಅವ್ಳಿಗ್ ಬ್ಯಾಡ, ಹೋಯ್ತೀನಿ ಬುಡಮ್ಮ."

ಪಕ್ಕದ ಮೇಜಿನ ಹುಡುಗಿಯರು ನಕ್ಕರು. ಪ್ರಮೀಳ ನಗಲಿಲ್ಲ. ಹೊರಗಿನವರನ್ನೆಲ್ಲ ಒಪ್ಪಿಸುವವಳ ಮಾತಿಗೆ ಮನೆಯೊಳಗಿನವನೊಬ್ಬ ಒಪ್ಪುತ್ತಿಲ್ಲ.

ಮಧ್ಯಾಹ್ನ ಇಂಜಿನಿಯರ್ ದೇಸಾಯಿಯ ಬಳಿ ಹೋಗಿ ನಿಂತಳು. ಧಾರವಾಡದ ಕಡೆಯವನು, ತೆಳ್ಳಗಿನ ಮನುಷ್ಯ, ಹುಟ್ಟಿದಾಗಿನಿಂದ ಬಾಡಿನ ವಾಸನೆ ಕಂಡವನಲ್ಲ. ಪೆಟ್ಟಿಗೆ ಬಂದ ಹೊಸತರಲ್ಲಿ, ಯುಗಾದಿ ಕಳೆದ ಎರಡನೆಯ ಬೆಳಿಗ್ಗೆ, ಪರದೆಯಲ್ಲಿ ಊರೂರೇ ಕೆಂಪಾದದ್ದು ನೋಡಿ ಇವನೇ "ಜಿಲ್ಲಾಕ್ಕ ಬೆಂಕಿ ಬಿದ್ದದಲ್ರೀ!" ಎಂದು ತಲೆಯ ಮೇಲೆ ಕೈ ಹೊತ್ತಿದ್ದ. ಜನ ಗಾಬರಿ ಬಿದ್ದು ಆಸ್ಪತ್ರೆಯ ಮುಂದೆ ಮುಗಿಬಿದ್ದಿದ್ದರು. ಪ್ರಮೀಳ ಸೆರಗು ಬಾಯಿಗಿಟ್ಟುಕೊಂಡು ನಕ್ಕು ಹೇಳಿದ್ದಳು: "ಸಾರ್, ನೆನ್ನೆ ಹೊಸತೊಡಕು. ಬಾಡು ತಿನ್ದೆ ಇದ್ದ ಮನೆ ಯಾವ್ದದೆ? ನಮ್ ಜನದ ಊಟಾನ ಲೆಕ್ಕದಿಂದ ತೆಗೀರಿ."

ತೆಗೆದರು. ಯಾರು ಯಾವ ವಾರ ಎಷ್ಟು ತಿನ್ನುತ್ತಾರೆ ಎಂಬುದನ್ನು ಯಂತ್ರಕ್ಕೆ ಕಲಿಸಿದರು. ಒಬ್ಬೊಬ್ಬರ ರೂಢಿಯಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಪರದೆಗೆ ಹಾಕುವುದು ಎಂದಾಯಿತು. "ಹಿಂಗ ಮಾಡಿದ್ರ ಭಾಳ ತಿನ್ನೋರ ರೋಗ ಮುಚ್ಚಿ ಹೋಗ್ತದ್ರೀ," ಎಂದು ದೇಸಾಯಿ ಅವತ್ತೇ ಅಂದಿದ್ದ. "ಅಯ್ಯೋ ಬುಡಿ ಸಾರ್, ತಿನ್ನೋರು ಗಟ್ಟಿಯಾಗೇ ಇರ್ತಾರೆ," ಎಂದಿದ್ದಳು ಇವಳು.

"ನಮ್ಮಣ್ಣಂದು ಒಂದ್ಸಲ ತೆಗೀರಿ ಸಾರ್. ಏನೂ ಕಳೀದೆ, ಹಂಗಂಗೇ," ಎಂದಳು ಈಗ. "ಕದ್ದು ತಿಂದವ್ನೆ, ಮುಖಕ್ಕೆ ಹಿಡಿದು ತೋರಿಸ್ಬೇಕು."

ದೇಸಾಯಿ ತೆಗೆದ. ವರ್ಷದ ಗೆರೆ ಬಾಚಣಿಗೆಯ ಹಾಗೆ ಹರಡಿಕೊಂಡಿತು. ಭಾನುವಾರಕ್ಕೊಂದು ಹಲ್ಲು. ಕಡೆಯ ಮೂರು ವಾರ ಹಲ್ಲುಗಳೇ ಇರಲಿಲ್ಲ. ದೇಸಾಯಿಯ ಬೆರಳು ಹಲ್ಲನ್ನು ಬಿಟ್ಟು ಬುಡಕ್ಕೆ ಹೋಯಿತು. ಬಾಚಣಿಗೆಯ ಬುಡ ಒಂದೇ ಸಮ ಇರಬೇಕಾದದ್ದು, ವರ್ಷದುದ್ದಕ್ಕೂ ಕೆರೆಯ ನೀರು ತುಂಬಿದ ಹಾಗೆ ಮೆಲ್ಲಗೆ ಏರಿತ್ತು. ಏರಿದ್ದನ್ನೂ ಯಂತ್ರ ರೂಢಿಯೆಂದೇ ತಿಳಿದು ಪ್ರತಿ ಸಲವೂ ಕಳೆದುಹಾಕಿತ್ತು. ಈ ಬೆಳಿಗ್ಗೆ ಅದರ ಕೈಮೀರಿತ್ತು, ಅಷ್ಟೇ.

"ತಿಂದಿದ್ರ ಗೆರಿ ಏರಿ ಎರಡು ದಿನಕ್ಕ ಇಳೀತಿತ್ತ್ರೀ," ಎಂದ ದೇಸಾಯಿ. ಅವಳ ಮುಖ ನೋಡಲಿಲ್ಲ. "ಇದು ಇಳಿದೇ ಇಲ್ಲ. ಇದು ಊಟ ಅಲ್ಲ, ಪ್ರಮೀಳಾ ಅವರ. ನಿಮ್ಮಣ್ಣ ಹೇಳಿದ್ದು ಖರೇ ಇರಬೇಕು."

ಅವಳಿಗೆ ಅರ್ಥವಾಯಿತು. ಆದರೂ ಅರ್ಥವಾದದ್ದು ಸುಳ್ಳಾಗಲಿ ಎಂಬ ಆಸೆ ಬಿಡಲಿಲ್ಲ. ಊರಿಗೆ ಇಳಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಜವರೇಗೌಡನ ಕೊಟ್ಟಿಗೆಗೆ ಹೋದಳು. ಗುಡ್ಡೆಬಾಡಿನ ಯಜಮಾನಿಕೆ ಅವನದು.

"ಜವರಣ್ಣ, ಸುಳ್ಳೇಳ್ಬ್ಯಾಡ. ನಮ್ಮಣ್ಣ ಭಾನುವಾರ ಅಲ್ಲೇನಾರ ತಿಂದ್ನಾ?"

ಜವರೇಗೌಡ ಹಸುವಿಗೆ ಹುಲ್ಲು ಹಾಕುತ್ತಲೇ ನಕ್ಕ. "ನಿಮ್ಮಣ್ಣನಾ? ಮೂರು ವಾರದಿಂದ ಸನ್ಯಾಸಿ ಆಗವ್ನೆ ಕಣವ್ವ. ಹುಡುಗ್ರು ಈಲಿ ಚೂರು ಬಾಯ್ಗೇ ಹಿಡಿದ್ರೂ ಮುಖ ತಿರುಗಿಸ್ಬುಟ್ಟ. 'ನಮ್ ಪಮ್ಮಿಗೆ ಮಾತು ಕೊಟ್ಟಿದ್ದೀನಿ' ಅಂತಾನೆ. ಎಲ್ರೂ ರೇಗ್ಸಿದ್ದೇ ರೇಗ್ಸಿದ್ದು. ಯಾಕವ್ವ, ಏನಾರ ಹರಕೆನಾ?"

ಪ್ರಮೀಳ ಮನೆಗೆ ಓಡಿದಳು. ಬಾಗಿಲಿಗೆ ಹಾಕಿದ ಚಿಲಕ ಹಾಕಿದ ಹಾಗೇ ಇತ್ತು. ಬೆಳಿಗ್ಗೆ ಮುಚ್ಚಿಟ್ಟ ಮುದ್ದೆ ಮುಚ್ಚಿಟ್ಟ ಹಾಗೇ ಇತ್ತು. ಅವನ ಫೋನು ಗೂಡಿನಲ್ಲೇ ಬಿದ್ದಿತ್ತು.

ಅವನು ಆ ದಿನ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಭಾನುವಾರ ಬಂತು. ಊರವರು ಅವನಿಗಾಗಿ ಹೊತ್ತೇರುವವರೆಗೂ ಕಾದು, ಕೊನೆಗೆ ಪಕ್ಕದೂರಿನವನನ್ನು ಕರೆಸಿ ಮರಿ ಕುಯ್ಯಿಸಿದರು. ರಕ್ತದ ಪಾಲು ಅವನು ತೆಗೆದುಕೊಂಡು ಹೋದ. ಬೀದಿಯೆಲ್ಲ ಮಸಾಲೆಯ ಘಮ. ಪ್ರಮೀಳ ಬಾಗಿಲು ಹಾಕಿಕೊಂಡು, ಬೈಯಲು ಒಬ್ಬರೂ ಇಲ್ಲದ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಕೋಪ ಮಾಡಿಕೊಳ್ಳುವುದಕ್ಕೂ ಎದುರಿಗೊಬ್ಬರು ಬೇಕೆಂಬುದು ಅವಳಿಗೆ ಅವತ್ತು ತಿಳಿಯಿತು.

ಸೋಮವಾರ ಮತ್ತೆ ದೇಸಾಯಿಯ ಮುಂದೆ ನಿಂತಳು. "ಎಲ್ಲ ಬಸ್ ಸ್ಟ್ಯಾಂಡಿನಲ್ಲೂ ಪೆಟ್ಗೆ ಅವೆ. ಅವನ ಅಂಗಾಲು ಎಲ್ಲಿ ಬಿದ್ದದೆ ನೋಡಿ ಹೇಳಿ ಸಾರ್."

"ಅದು ತಪ್ಪಾಗತದ್ರೀ. ಮಂದೀನ ಹುಡುಕಾಕ ಇಟ್ಟದ್ದಲ್ಲ ಇದು."

"ಅವನ ಹೊಟ್ಟೇಲಿರೋದು ಕಾಯ್ತದಾ ಸಾರ್?"

ದೇಸಾಯಿ ಕನ್ನಡಕ ತೆಗೆದು ಒರೆಸಿದ. ಎದ್ದು ಹೋಗಿ ಕೇಂದ್ರದ ಡಾಕ್ಟರಮ್ಮನ ಅಪ್ಪಣೆ ತಂದ. ಆಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟ.

ಒಂದು ಜೊತೆ ಅಂಗಾಲು ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಅಲ್ಲಿಗೆ ಹೋದಳು, ಅಷ್ಟರಲ್ಲಿ ಆ ಅಂಗಾಲು ಮುಂದಿನ ಊರಿನ ಸಂತೆಮಾಳದಲ್ಲಿತ್ತು. ಅಲ್ಲಿಗೆ ಹೋದಳು, ಅಲ್ಲಿಯೂ ಇಲ್ಲ. ಪ್ರತಿ ಗುರುತಿನ ಪಕ್ಕದಲ್ಲೂ ಕೆಂಪು ಗೆರೆ. ಆಮೇಲೆ ಗುರುತುಗಳೇ ನಿಂತುಹೋದವು. ಪೆಟ್ಟಿಗೆ ಎಲ್ಲಿದೆಯೆಂದು ಅವನಿಗೂ ಗೊತ್ತು, ಗದ್ದೆ ಬಯಲು ಎಲ್ಲಿದೆಯೆಂದೂ ಗೊತ್ತು. ಅಣ್ಣನನ್ನು ಕಟ್ಟಿಹಾಕಿದ್ದ ಕೊನೆಯ ದಾರವೂ ತುಂಡಾದ ಹಾಗಾಯಿತು ಅವಳಿಗೆ. ಪರದೆಯಲ್ಲಿ ಸಾವಿರಾರು ಚುಕ್ಕೆಗಳು ಮಿನುಗುತ್ತಿದ್ದವು. ಇಡೀ ಜಿಲ್ಲೆ ಕೂತು ಏಳುತ್ತಿತ್ತು. ಅವಳವನೊಬ್ಬ ಇರಲಿಲ್ಲ.

ಆದರೆ ಕುಯ್ಯುವ ಕೆಲಸ ಬಿಟ್ಟು ಅವನಿಗೆ ಬೇರೇನೂ ಬಾರದು. ಕೊನೆಯ ಗುರುತು ಸಿಕ್ಕ ಊರಿನ ಆಚೆ, ಹೆದ್ದಾರಿಯ ಪಕ್ಕ, ಬಾಡೂಟದ ಹೋಟೆಲುಗಳ ಸಾಲಿದೆ. ಪ್ರಮೀಳ ರಜೆ ಹಾಕಿ ಒಂದೊಂದೇ ಹೋಟೆಲಿನ ಒಳಹೊಕ್ಕು, ಕತ್ತಿ ಹಿಡಿದ ಕೈಗಳನ್ನು ನೋಡುತ್ತ ಹೋದಳು.

ತಗಡಿನ ಚಾವಣಿಯ ಪುಟ್ಟ ಹೋಟೆಲಿನಲ್ಲಿ ಸಿಕ್ಕಿದ. ಕೊರಡಿನ ಮೇಲೆ ಮಾಂಸ ಕೊಚ್ಚುತ್ತಿದ್ದ. ಮುಖದ ಮೂಳೆಗಳು ಎದ್ದಿದ್ದವು. ಅಂಗಿ ಬೇರೆ ಯಾರದೋ ಅನ್ನುವ ಹಾಗೆ ತೂಗಾಡುತ್ತಿತ್ತು. ಅವಳನ್ನು ಕಂಡು ಕೈ ನಿಲ್ಲಿಸಿದ. ಒಳಗೆ ಹೋಗಿ ತಾನೇ ಒಂದು ಲೋಟ ಟೀ ತಂದು ಅವಳ ಮುಂದಿನ ಬೆಂಚಿನ ಮೇಲಿಟ್ಟ.

ದಾರಿಯುದ್ದಕ್ಕೂ ಅವಳು ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಹೋದವು. ಹಳೆಯ ದನಿಯೇ ಬಂತು. "ಏನ್ ಇಲ್ಲಿ ಬಂದು ಕುಂತಿದ್ದೀಯ? ಮನೆ ಮಠ ಇಲ್ವಾ ನಿಂಗೆ? ಗಲಾಟೆ ಮಾಡ್ದೆ ಎದ್ದು ಬಾ. ಆಸ್ಪತ್ರೇಲಿ ಹೇಳಿದ್ದೀನಿ."

"ಕದ್ದು ತಿಂದೋನಿಗೆ ಆಸ್ಪತ್ರೆ ಯಾಕಮ್ಮಿ?"

"ನೀನು ತಿಂದಿರ್ಲಿಲ್ಲ. ಗೊತ್ತಾಯ್ತು."

"ಹೆಂಗ್ ಗೊತ್ತಾಯ್ತು?"

"ಜವರಣ್ಣ ಹೇಳ್ದ."

ನಿಂಗರಾಜ ಕೊರಡಿನ ಮೇಲಿನ ನೊಣ ಓಡಿಸಿದ. "ಮದ್ಲು ಪೆಟ್ಗೆ ಹೇಳ್ತು ಅಂತ ನಂಬ್ದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಮೇಲೆ ಜವರ ಹೇಳ್ದ ಅಂತ ನಂಬ್ದೆ. ನಾನು ಹೇಳ್ದಾಗ ನಂಬ್ಲಿಲ್ವಲ್ಲಮ್ಮಿ."

ಪ್ರಮೀಳ ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಹೆದ್ದಾರಿಯಲ್ಲಿ ಲಾರಿಗಳು ಹೋದವು.

"ನನ್ ತಪ್ಪು," ಎಂದಳು ಕೊನೆಗೆ. ಅವಳ ಬಾಯಲ್ಲಿ ಆ ಮಾತು ಕೇಳಿ ನಿಂಗರಾಜನೇ ಬೆಚ್ಚಿದ. "ತಪ್ಪಾಯ್ತು ಅಂದ್ನಲ್ಲ, ಇನ್ನೇನ್ ಕಾಲ್ಗೆ ಬೀಳ್ಬೇಕಾ? ಬೀಳ್ತೀನಿ, ಬಾ."

"ಕರುಳು ಕುಯ್ದು, ಕಕ್ಕಸು ಬೀಳಕ್ಕೆ ಪಕ್ಕೇಲಿ ಚೀಲ ಕಟ್ತಾರಂತೆ."

"ಎಲ್ರಿಗೂ ಕಟ್ಟಕ್ಕಿಲ್ಲ. ಬಿರ್ನೆ ಹೋದ್ರೆ ಕಟ್ಟೋದೂ ಇಲ್ವೇನೋ."

"ಕಟ್ಟಿದ್ರೆ? ಚೀಲ ಕಟ್ಕಂಡೋನ ಕೈಯಿಂದ ಊರಲ್ಲಿ ಯಾರು ಬಾಡು ಈಸ್ಕತಾರೆ?"

"ನಾನ್ ಈಸ್ಕತೀನಿ," ಎಂದಳು ಪ್ರಮೀಳ. "ಊರು ಹಾಳಾಗ್ಲಿ. ನೀನು ಕುಯ್ದು ಕೊಡು, ನಾನು ಈಸ್ಕಂಡು ಬೇಯಿಸ್ತೀನಿ. ಇಬ್ರೇ ಉಣ್ಣಾನ."

ನಿಂಗರಾಜನ ಮುಖದಲ್ಲಿ ನಗುವಿನಂಥದ್ದು ಒಂದು ಸುಳಿಯಿತು. ಅವಳ ತಲೆ ಮುಟ್ಟಲು ಕೈ ಎತ್ತಿದ, ಕೈಗೆ ಮಾಂಸ ಮೆತ್ತಿದ್ದು ನೋಡಿ ಇಳಿಸಿದ.

"ಆಯ್ತು. ಕೈ ತೊಳ್ಕಂಡು ಬತ್ತೀನಿ, ಕುಂತಿರು," ಎಂದು ಹಿಂದಿನ ಬಾಗಿಲಿನತ್ತ ನಡೆದ.

ಪ್ರಮೀಳ ತಟ್ಟನೆ ಎದ್ದಳು. ಅವನ ಹಿಂದೆ ಎರಡು ಹೆಜ್ಜೆ ಇಟ್ಟಳು ಕೂಡ. ಅಲ್ಲಿಗೇ ನಿಂತಳು. ಹಿಂದೆ ಹೋದರೆ ಮತ್ತೆ ಅದೇ ಆಯಿತು. ಕೈ ತೊಳೆಯುತ್ತೇನೆ ಎಂದವನ ಕೈ ಕಾಯುವುದೆಂದರೆ ನೀನು ಸುಳ್ಳ ಎಂದು ಇನ್ನೊಂದು ಸಲ ಅಂದ ಹಾಗೇ. ಬಂದು ಬೆಂಚಿನ ಮೇಲೆ ಕೂತಳು. ಕೂತದ್ದಷ್ಟೇ ಅಲ್ಲ, ಆ ಬಾಗಿಲಿಗೆ ಬೇಕೆಂದೇ ಬೆನ್ನು ಮಾಡಿ ಕೂತಳು. ಅವನು ಹೊರಳಿ ನೋಡಿದರೆ ಕಾಣಲಿ ಎಂದು.

ಹಿಂದೆ ನೀರು ಸುರಿಯುವ ಸದ್ದಾಯಿತು. ನಿಂತಿತು. ಟೀಯ ಮೇಲೆ ಕೆನೆ ಕಟ್ಟಿತು. ಬಸ್ಸೊಂದು ಬಂದು ನಿಂತು ಹೊರಟುಹೋಯಿತು. ಅವಳ ಕತ್ತು ತಾನಾಗಿ ತಿರುಗಲು ಹವಣಿಸಿತು, ತಿರುಗಗೊಡಲಿಲ್ಲ. ಉಣ್ಣಲು ಬಂದವರು ಉಂಡು ಎದ್ದರು. ಬಿಸಿಲು ಬೆಂಚಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸರಿಯಿತು.

ಹೋಟೆಲಿನವನು ಬೆಂಚು ಒರೆಸುತ್ತ ಬಂದ. "ಅಕ್ಕ, ನಿಂಗಣ್ಣ ಆಗ್ಲೇ ಗದ್ದೆ ಬದೀನ ಮ್ಯಾಲೆ ಹೊಂಟೋದ್ನಲ್ಲ. ಕತ್ತೀನೂ ತಗಂಡು ಹೋದ. ನಿಮ್ಗೆ ಹೇಳ್ಲಿಲ್ವಾ?"

"ಹೇಳವ್ನೆ," ಎಂದಳು ಪ್ರಮೀಳ.

"ಏನಂತ?"

"ಬತ್ತೀನಿ ಅಂತ."

ಹೋಟೆಲಿನವನು ಅವಳ ಮುಖ ನೋಡಿ ಮುಂದಿನ ಬೆಂಚು ಒರೆಸತೊಡಗಿದ. ಅವಳು ಬಾಗಿಲಿಗೆ ಬೆನ್ನು ಹಾಕಿಕೊಂಡೇ ಕೂತಿದ್ದಳು. ನಿಂಗರಾಜ ಬರಲಿಲ್ಲ.